ಹೆಣ್ಣು ನೋಡಲು ಹೋಗಿ ಸಮುದ್ರ ದಾಟಿದ್ದು

“ಇದು ಸಾಮಾನೋ, ಮನುಷ್ಯನೋ?”

ಪಣಜಿ ಬಂದರಿನ ಧಕ್ಕೆಯ ಮೇಲೆ ಬಿಳಿ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದ ಪೋರ್ಚುಗೀಸ್ ಅಧಿಕಾರಿ ನನ್ನತ್ತ ಬೆರಳು ತೋರಿಸಿ ಕೇಳಿದ ಪ್ರಶ್ನೆ ಇದು. ಕೇಳಿದ್ದು ತನ್ನ ಭಾಷೆಯಲ್ಲಿ. ಪಕ್ಕದಲ್ಲಿದ್ದ ಕಾರವಾರ ಕಡೆಯ ಗುಮಾಸ್ತ ಅದನ್ನು ಕನ್ನಡ ಮಾಡಿ ನನಗೆ ಮುಟ್ಟಿಸಿದ. ಅಧಿಕಾರಿಯ ತಪ್ಪೂ ಇಲ್ಲ ಬಿಡಿ. ನಾನು ಉಳ್ಳಾಗಡ್ಡಿ ಚೀಲಗಳ ನಡುವೆ ಹಾಸಿಗೆ ಸುರುಳಿ ಅಪ್ಪಿಕೊಂಡು ಕೂತಿದ್ದೆ. ಗಡ್ಡ ಬೆಳೆದಿತ್ತು. ಮುಖ ಬಾಡಿದ ಮೆಂತ್ಯಪಲ್ಲೆಯ ಬಣ್ಣಕ್ಕೆ ತಿರುಗಿತ್ತು. (ನನ್ನ ಹೆಂಡತಿಗೂ ಈ ಸಂಶಯ ಮದುವೆಯಾದಾಗಿನಿಂದ ಇದೆ. ಆದರೆ ಅವಳು ಹೀಗೆ ನಾಲ್ಕು ಜನರ ಮುಂದೆ ಕೇಳಿದವಳಲ್ಲ.)

ವಿಜಾಪುರದ ಒಬ್ಬ ಹೈಸ್ಕೂಲ್ ಮಾಸ್ತರ ಪರದೇಶದ ಧಕ್ಕೆಯ ಮೇಲೆ ಚೀಲಗಳಲ್ಲಿ ಚೀಲವಾಗಿ ಕೂತದ್ದು ಹೇಗೆ?

ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ನನಗೆ ಊರಲ್ಲಿ ನಿರುಮ್ಮಳವಾಗಿ ತಿರುಗಾಡಲಾಗುತ್ತಿಲ್ಲ. ಕ್ಷೌರದಂಗಡಿಯಲ್ಲಿ ಅದೇ ಪ್ರಶ್ನೆ. ಕಾಯಿಪಲ್ಲೆ ಬಜಾರಿನಲ್ಲಿ ಅದೇ ಪ್ರಶ್ನೆ. ಸಂಜೆ ಗೋಳಗುಮ್ಮಟದ ಮುಂದೆ ಗಾಳಿ ತೆಗೆದುಕೊಳ್ಳಲು ಹೋದರೆ ಅಲ್ಲಿಯೂ ಅದೇ. “ಮಾಸ್ತರ, ಟಿಕೀಟಿಲ್ಲದ ಸಮುದ್ರ ದಾಟಿ ಬಂದೀರಂತ. ನಮಗೂ ಒಂದೀಟು ಟಿಪ್ಸ್ ಹೇಳ್ರಲ್ಲ?” ಒಬ್ಬೊಬ್ಬರಿಗೇ ಹೇಳಿ ಗಂಟಲು ಕೂತಿದೆ. ಈ ವಾರ ಎಲ್ಲರಿಗೂ ಕೂಡಿಯೇ ಹೇಳಿಬಿಡುತ್ತೇನೆ. ಟಿಪ್ಸ್ ಬೇಕಾದವರು ನಡುನಡುವೆ ಆರಿಸಿಕೊಳ್ಳಿ.

ಶುರುವಾದದ್ದು ಬಬಲೇಶ್ವರದ ಒಂದು ಪಡಸಾಲೆಯಲ್ಲಿ.

ನನ್ನ ಅಕ್ಕ ಇರುವುದು ತಿಕೋಟಾದಲ್ಲಿ. ಭಾವನದು ಅಲ್ಲಿ ಜೋಳ, ಶೇಂಗಾದ ವ್ಯಾಪಾರ. ಅವರ ಒಬ್ಬನೇ ಮಗ ರಾಚಪ್ಪ. ಆಳು ನೋಡಲು ಬಾಗಿಲಿಗೆ ಅಡ್ಡ ಹಾಕುವ ಅಗಳಿಯಂತಿದ್ದಾನೆ. ನಾವು ನೀವು ಹೆಗಲಿಗೆ ಟವೆಲ್ ಹಾಕಿಕೊಂಡಂತೆ ಅವನು ಜೋಳದ ಚೀಲ ಹಾಕಿಕೊಳ್ಳುತ್ತಾನೆ. ಆದರೆ ಬಾಯಿ? ಅದನ್ನು ಊಟಕ್ಕೆ ಮಾತ್ರ ಇಟ್ಟುಕೊಂಡಿದ್ದ. ಅವನ ಮಾತೆಲ್ಲ ಅಕ್ಕನೇ ಆಡುತ್ತಿದ್ದಳು. ಅವನಿಗೆ ಹಸಿವಾಗಿದೆ ಎಂದು ಅವಳು ಹೇಳುತ್ತಿದ್ದಳು. ಅವನಿಗೆ ತಲೆನೋವು ಎಂದೂ ಅವಳೇ ಹೇಳುತ್ತಿದ್ದಳು. ಅವನು “ಹೂಂ” ಅನ್ನುತ್ತಿದ್ದ.

ಇಂಥವನಿಗೆ ಹೆಣ್ಣು ನೋಡಲು ಹೋದೆವು. ಬಬಲೇಶ್ವರದಲ್ಲಿ ಅರಿವಿ ಅಂಗಡಿ ಇಟ್ಟಿರುವ ಶಿವಗೊಂಡಪ್ಪನವರ ಮಗಳು ನೀಲವ್ವ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಅಲ್ಲೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಾಳೆ. ಅವಲಕ್ಕಿ ಬಂತು, ಚಹಾ ಬಂತು. ಆಮೇಲೆ ನೀಲವ್ವ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅಕ್ಕ ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಶಿವಗೊಂಡಪ್ಪನವರು ಮಗಳ ಕಡೆ ತಿರುಗಿ, “ನೀ ಏನರ ಕೇಳೂದೈತೇನವಾ?” ಎಂದರು.

ಹೀಗೆ ಕೇಳುವುದು ಪದ್ಧತಿ. ಇಲ್ಲವೆಂದು ತಲೆಯಾಡಿಸುವುದೂ ಪದ್ಧತಿ.

“ಐತಿ,” ಎಂದಳು ನೀಲವ್ವ.

ಬಶಿಯಿಂದ ಚಹಾ ಹೀರುವ ಸದ್ದು ಒಮ್ಮೆಲೇ ನಿಂತಿತು.

“ಇವರು ಎಲ್ಲೆಲ್ಲಿ ಹೋಗಿ ಬಂದಾರ?”

ರಾಚಪ್ಪ ಅವ್ವನ ಮುಖ ನೋಡಿದ. ಅಕ್ಕ ಹೇಳಿದಳು: “ವಿಜಾಪುರಕ್ಕ ಸಂತಿ ಸಂತಿಗೂ ಹೋಗ್ತಾನ. ಸೊಲ್ಲಾಪುರಕ್ಕ ಒಮ್ಮಿ ಹೋಗಿದ್ದ, ಅವರಪ್ಪನ ಸಂಗಾಟ.”

“ನಾ ಅವರನ್ನ ಕೇಳಿದ್ನಿರಿ,” ಎಂದಳು ಹುಡುಗಿ.

ರಾಚಪ್ಪ ನೆಲ ನೋಡಿದ. ನಾನು ಸೂರು ನೋಡಿದೆ. ನೀಲವ್ವ ಮಾತ್ರ ತರಗತಿಯಲ್ಲಿ ನಿಂತವಳ ಹಾಗೆ ಸಾವಕಾಶ ಮುಂದುವರಿಸಿದಳು.

“ನಾ ಸಾಲ್ಯಾಗ ಹುಡುಗ್ಯಾರಿಗೆ ನಕಾಶದಾಗ ನೀಲಿ ಬಣ್ಣ ತೋರಿಸಿ ಇದು ಸಮುದ್ರ ಅಂತ ಹೇಳ್ತೀನ್ರಿ. ನಾ ನೋಡಿಲ್ಲ. ಮಂದಿ ಮುಂದ ಬಾಯಿ ತಗೀಲಾರದವರ ಕೈ ಹಿಡದ್ರ ಎಂದೂ ನೋಡೂದಿಲ್ಲ. ಇವರು ಸಮುದ್ರ ದಾಟಿ ಒಂದು ಪರದೇಶ ನೋಡಿ ಬರ್ಲಿ. ಆಮ್ಯಾಗ ಮಾತಾಡೂಣು.”

“ಟಿಕೀಟಿಗೆ ಅವರಪ್ಪ ಏನೂ ಬಿಚ್ಚಾಂಗಿಲ್ಲವಾ!” ಅಕ್ಕನ ದನಿ ಏರಿತು.

“ಟಿಕೀಟ ಬ್ಯಾಡ್ರಿ. ಟಿಕೀಟ ಹಚ್ಚಿದ್ರ ಮೂಟಿನೂ ಮುಂಬೈ ಮುಟ್ಟತೈತಿ. ದಾರ್ಯಾಗ ಸಿಕ್ಕವರನ್ನ ಮಾತಾಡ್ಸಿ, ಕೇಳ್ಕೊಂಡ ಹೋಗಿ, ಕೇಳ್ಕೊಂಡ ಬರ್ಲಿ.”

ಶಿವಗೊಂಡಪ್ಪನವರು “ಏ ಹುಚ್ಚೀ!” ಎಂದು ಎದ್ದರು. ಅಕ್ಕ ಸೆರಗು ಸರಿಮಾಡಿಕೊಂಡು, “ನಡಿ ತಮ್ಮಾ, ಇಂಥಾ ಜೋರಿನ ಹುಡುಗಿ ನಮಗ ಬ್ಯಾಡ,” ಎಂದು ಎದ್ದಳು. ನಾನೂ ಅರ್ಧ ಎದ್ದಿದ್ದೆ.

“ಹೋಗ್ತೀನಿ,” ಎಂದಿತು ಒಂದು ಗಂಟಲು.

ಯಾರದು ಎಂದು ಎಲ್ಲರೂ ತಿರುಗಿ ನೋಡಿದೆವು. ರಾಚಪ್ಪ! ಅಕ್ಕ ಮತ್ತೆ ಕೂತಳು. ಕೂತದ್ದಲ್ಲ, ಕುಸಿದದ್ದು.

ಅಲ್ಲಿಗೇ ಬಿಟ್ಟಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ನೀಲವ್ವ ನನ್ನ ಕಡೆ ತಿರುಗಿದಳು. “ಒಬ್ಬರ ಹೋದ್ರ ಬೆಳಗಾವ್ಯಾಗ ಕುಂತು ಬಂದು ಸಮುದ್ರ ಕಂಡೆ ಅಂದಾರು. ಮಾಸ್ತರು ಸಾಕ್ಷಿಗೆ ಹೋಗ್ಲಿ. ಪೇಪರಿನ್ಯಾಗ ಬರಿಯವರು ಸುಳ್ಳು ಹೇಳೂದಿಲ್ಲ.” (ಪಾಪ, ನನ್ನ ಅಂಕಣ ಇನ್ನೂ ಓದಿಲ್ಲ.)

ಪರದೇಶವೆಂದರೆ ಎಲ್ಲಿಗೆ? ಶಾಲೆಯ ಗೋಡೆಯ ನಕಾಶೆಯ ಮೇಲೆ ದಾರ ಹಿಡಿದು ಅಳೆದೆ. ವಿಲಾಯಿತಿಗೆ ದಾರ ಸಾಲಲಿಲ್ಲ. ಏಡನ್ ಕೂಡ ದೂರವೇ. ಕಡೆಗೆ ಕಣ್ಣಿಗೆ ಬಿದ್ದದ್ದು ಗೋವೆ. ಅಲ್ಲಿರುವುದು ಇಂಗ್ಲಿಷರಲ್ಲ, ಪೋರ್ಚುಗೀಸರು. ಅಂದ ಮೇಲೆ ಪರದೇಶವೇ ತಾನೆ? ರೈಲು ಹೋಗುತ್ತದೆ ನಿಜ. ಆದರೆ ರೈಲಿನಲ್ಲಿ ಹೋದರೆ ಸಮುದ್ರ ದಾಟಿದಂತಾಗುವುದಿಲ್ಲ. ಆದ್ದರಿಂದ ಘಟ್ಟ ಇಳಿದು ವೆಂಗುರ್ಲೆಗೆ ಹೋಗುವುದು, ಅಲ್ಲಿಂದ ನೀರಿನ ಮೇಲೆ ಪಣಜಿಗೆ. ಇದಕ್ಕಿಂತ ಸಣ್ಣ ಸಮುದ್ರಯಾನ ಜಗತ್ತಿನಲ್ಲಿ ಇದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಈಗ ಉಪಯೋಗವಿಲ್ಲ.

ಹೊರಡುವ ಮೊದಲು ಬಿಜ್ಜರಗಿಗೆ ಹೋಗಿ ಬಸ್ರಾ ಭೀಮಪ್ಪನನ್ನು ಕಂಡೆವು. ಯುದ್ಧದಲ್ಲಿ ಬಸ್ರಾದ ತನಕ ಹೋಗಿ ಬಂದ ಸಿಪಾಯಿ. ಕಂಡ ಕಂಡ ಲಾರಿಗೆ ಕೈ ಮಾಡಿ ಅರ್ಧ ಇರಾಕ್ ತಿರುಗಿದ್ದೇನೆ ಎಂದು ಅವನೇ ಹೇಳುತ್ತಾನೆ. ಆಡಿನ ಮರಿಗಳ ನಡುವೆ ಹೊರಸಿನ ಮೇಲೆ ಕೂತು ನಮಗೆ ವಿದ್ಯೆ ಧಾರೆಯೆರೆದ.

“ರಸ್ತೆ ನಡುವ ನಿಂತು ಕೈ ಮಾಡಬ್ಯಾಡ್ರಿ. ಡ್ರೈವರ್ ನಿಮ್ಮನ್ನ ಪೊಲೀಸ ಅಂತ ತಿಳದು ಇನ್ನಷ್ಟ ಜೋರ ಹೊಡೀತಾನ. ಲಾರಿ ತಾನ ನಿಲ್ಲೂ ಜಾಗಾದಾಗ ನಿಂದರ್ರಿ. ನಾಕಾ ಇರ್ಲಿ, ಚಹಾದಂಗಡಿ ಇರ್ಲಿ. ಎಲ್ಲಿಗಿ ಹೊಂಟೀರಿ ಅಂತ ಮೊದಲ ಕೇಳಬ್ಯಾಡ್ರಿ. ಗಾಡಿ ಹೆಂಗ ಓಡತೈತಿ ಅಂತ ಕೇಳ್ರಿ. ಎಂಜಿನ್ ಸುದ್ದಿ ತಗದ್ರ ಡ್ರೈವರ್ ಜೀವಾ ಕೊಡ್ತಾನ.”

“ಸಮುದ್ರದಾಗ?” ಎಂದೆ ನಾನು. ನನ್ನ ಚಿಂತೆ ಅದೇ.

“ನಡುಮಧ್ಯ ಕುಂದರ್ರಿ. ಬುಡದಾಗಿನ ನೀರ ನೋಡಬ್ಯಾಡ್ರಿ, ದೂರದ ಗೆರಿ ನೋಡ್ರಿ. ಹೊಟ್ಟಿ ಖಾಲಿ ಇಡಬ್ಯಾಡ್ರಿ. ಮುಗೀತು.”

ಎಲ್ಲ ಸರಿ. ಒಂದನ್ನು ಮಾತ್ರ ಭೀಮಪ್ಪ ಹೇಳಲು ಮರೆತಿದ್ದ. ಅವನು ಅರ್ಧ ಇರಾಕ್ ತಿರುಗಿದ್ದು ಖಾಕಿ ಹಾಕಿಕೊಂಡು. ಖಾಕಿ ಕಂಡರೆ ಲಾರಿ ನಿಲ್ಲುತ್ತದೆ. ಧೋತರ ಕಂಡರೆ?

ತಿಕೋಟಾದ ನಾಕಾದಲ್ಲಿ ಬೆಳಿಗ್ಗೆಯಿಂದ ನಿಂತೆವು. ನನ್ನ ಹತ್ತಿರ ಹಾಸಿಗೆ ಸುರುಳಿ, ಕೊಡೆ, ತಂಬಿಗೆ, ಸಜ್ಜಿ ರೊಟ್ಟಿಯ ಗಂಟು. (ಟಿಪ್ಸ್ ಬರೆದುಕೊಳ್ಳುವವರು ಬರೆದುಕೊಳ್ಳಿ: ಹಾಸಿಗೆ ಒಯ್ಯಬೇಡಿ. ಅದರ ಮೇಲೆ ಎಲ್ಲರೂ ಮಲಗುತ್ತಾರೆ, ನೀವೊಬ್ಬರನ್ನು ಬಿಟ್ಟು.) ರಾಚಪ್ಪನ ಹತ್ತಿರ ಒಂದು ಕಂಬಳಿ. ಮಾತಾಡಬೇಕಾದವನು ಅವನೇ, ನಾನು ಬರೀ ಸಾಕ್ಷಿ. ಮಿರಜಿಗೆ ಶೇಂಗಾ ಒಯ್ಯುವ ಲಾರಿ ಬಂದು ನಿಂತಿತು. ಪೆಟ್ರೋಲಿಗೆ ರೇಶನ್ ಬಂದಾಗಿನಿಂದ ಇಂಥವೇ ಹೆಚ್ಚು: ಹಿಂದೆ ಹಂಡೆಯಂಥ ಒಲೆ, ಅದರಲ್ಲಿ ಇದ್ದಿಲು, ಅದರ ಗ್ಯಾಸಿನ ಮೇಲೆ ಓಡುವ ಎಂಜಿನ್. ಓಡುವುದು ಎಂದೆನೇ? ಕೆಮ್ಮುತ್ತ ನಡೆಯುವುದು ಎನ್ನಿ.

ರಾಚಪ್ಪ ಹೋಗಿ ಡ್ರೈವರನ ಮುಂದೆ ನಿಂತ.

“ಏನೋ?” ಎಂದ ಡ್ರೈವರ್.

ರಾಚಪ್ಪ ಬಾಯಿ ತೆರೆದ. ಸದ್ದು ಬರಲಿಲ್ಲ. ಮುಚ್ಚಿದ. ಮತ್ತೆ ತೆರೆದ. ಕೈಯಿಂದ ಲಾರಿ ತೋರಿಸಿದ, ಪಡುವಣ ದಿಕ್ಕು ತೋರಿಸಿದ, ಬೆವರಿದ.

ಡ್ರೈವರನ ಮುಖ ಕರಗಿತು. “ಪಾಪ, ಮಾತು ಬರಂಗಿಲ್ಲೇನ್ರಿ ಇವಗ? ಹತ್ತಿಸ್ರಿ, ಹತ್ತಿಸ್ರಿ. ನನ್ನ ಬಾಜೂಕನ ಕುಂದರಸ್ರಿ.”

ನಾನು ನಿಜ ಹೇಳಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಬಿಸಿಲು ಬಹಳ ಇತ್ತು.

ಆ ಡ್ರೈವರ್ ಎಂಥ ಒಳ್ಳೆಯವನೆಂದರೆ ದಾರಿಯುದ್ದಕ್ಕೂ ರಾಚಪ್ಪನಿಗೆ ಬಾಳೆಹಣ್ಣು ಸುಲಿದು ಕೊಟ್ಟ. ಕೈಸನ್ನೆಯಲ್ಲಿ ತನ್ನ ಸಂಸಾರದ ಕಥೆಯೆಲ್ಲ ಹೇಳಿದ. (ಆಗ ಸ್ಟಿಯರಿಂಗ್ ಹಿಡಿದವರು ಯಾರು ಎಂದು ಕೇಳಬೇಡಿ. ನಾನು ಕಣ್ಣು ಮುಚ್ಚಿಕೊಂಡಿದ್ದೆ.) ಅಥಣಿಯ ಈಚೆ ಒಂದು ಏರಿನಲ್ಲಿ ಲಾರಿ ಉಸಿರು ಬಿಟ್ಟಿತು. ಎಲ್ಲರೂ ಇಳಿದು ನೂಕಬೇಕು. ರಾಚಪ್ಪ ಒಲೆಯ ಪಕ್ಕದಲ್ಲೇ ಹೆಗಲು ಕೊಟ್ಟ. ಅದರ ಬಾಗಿಲು ತೆರೆದು ಒಂದು ಕೆಂಡ ಜಾರಿ ಅವನ ಕಾಲ ಮೇಲೆ ಬಿತ್ತು.

“ಯವ್ವಾ! ಸತ್ತೆ!”

ಡ್ರೈವರ್ ಇಳಿದು ಓಡಿ ಬಂದ. ಅವನ ಕಣ್ಣಲ್ಲಿ ನೀರು. “ಮಾತು ಬಂತು! ಯಪ್ಪಾ, ಮಾತು ಬಂತು!” ಎಂದು ರಾಚಪ್ಪನನ್ನು ತಬ್ಬಿಕೊಂಡ. ಒಳಗಿದ್ದ ದೇವರ ಪಟಕ್ಕೆ ಕೈ ಮುಗಿದ. ಕ್ಲೀನರನಿಗೆ ತೆಂಗಿನಕಾಯಿ ತೆಗೆಯಲು ಹೇಳಿದ. ಕಾಯಿ ಒಡೆದೂಬಿಟ್ಟ!

ರಾಚಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಕಾಲಲ್ಲಿ ನಿಂತು, ಇನ್ನೊಂದನ್ನು ಊದಿಕೊಳ್ಳುತ್ತ, ಹುಟ್ಟಿದಾಗಿನಿಂದ ಆಡಿದ್ದರಲ್ಲೇ ಉದ್ದದ ಮಾತನ್ನು ಆಡಿದ. “ನಾ ಮೂಕ ಅಲ್ರಿ ಅಣ್ಣಾರ. ಹೊಸಬರನ್ನ ಕಂಡ್ರ ಅಂಜಿಕಿ ಬರತೈತ್ರಿ. ನೀವು ಇಷ್ಟ ಪ್ರೀತಿ ಮಾಡಿದ ಮ್ಯಾಲೂ ಸುಮ್ಮ ಕುಂತಿದ್ದು ಖರೇನ ತಪ್ಪಾತ್ರಿ.”

ಡ್ರೈವರ್ ಕೈಯಲ್ಲಿದ್ದ ಅರ್ಧ ಕಾಯಿ ನೋಡಿದ. ರಾಚಪ್ಪನನ್ನು ನೋಡಿದ. ನನ್ನನ್ನು ನೋಡಿದ ನೋಟ ಮಾತ್ರ ಇಲ್ಲಿ ಬರೆಯುವಂಥದ್ದಲ್ಲ. “ಮತ್ತ ಅಂಜಿಕಿ ಇದ್ದಾಂವ ಮನಿ ಬಿಟ್ಟು ಯಾಕ ಹೊಂಟಿ?” ಎಂದು ಗುಡುಗಿದ.

ರಾಚಪ್ಪ ಹೇಳಿದ. ನೀಲವ್ವ, ನಕಾಶೆ, ಸಮುದ್ರ, ಎಲ್ಲ. ತಡವರಿಸಿದ, ಮುಗ್ಗರಿಸಿದ, ಆದರೆ ಹೇಳಿದ. ಕೇಳುತ್ತ ಕೇಳುತ್ತ ಡ್ರೈವರ್ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ. ಮೊದಲು ಗಲ್ಲ ಅದುರಿತು. ಆಮೇಲೆ ಹೊಟ್ಟೆ. “ಹುಡುಗಿ ಹಿಂಗಂದ್ಲಾ? ಖರೇ? ಟಿಕೀಟ ಹಚ್ಚಿದ್ರ ಮೂಟಿನೂ ಹೋಗತೈತಿ ಅಂದ್ಲಾ?” ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಹತ್ತಿತು. ಕಾಯಿ ಒಡೆದಾಗಿತ್ತು, ಎಲ್ಲರೂ ಹಂಚಿಕೊಂಡು ತಿಂದೆವು.

ನಮ್ಮ ನಿಜವಾದ ಟಿಕೀಟು ಸಿಕ್ಕದ್ದು ಅಲ್ಲಿ. ಮಿರಜಿನಲ್ಲಿ ಆ ಡ್ರೈವರ್ ತಾನೇ ಹೋಗಿ ಉಳ್ಳಾಗಡ್ಡಿ ತುಂಬಿದ್ದ ಒಂದು ಲಾರಿಯವನಿಗೆ, “ಇವರನ್ನ ವೆಂಗುರ್ಲಾ ಮುಟ್ಟಿಸು. ಹುಡುಗನ ಕಡೆಯಿಂದ ಕಥಿ ಹೇಳಿಸ್ಕೋ,” ಎಂದು ಒಪ್ಪಿಸಿದ. ಎರಡನೆಯ ಸಲ ರಾಚಪ್ಪ ಹೇಳಿದಾಗ ಕಥೆ ಸ್ವಲ್ಪ ಉದ್ದವಾಗಿತ್ತು. ಮೂರನೆಯ ಸಲ, ಒಂದು ಚಹಾದಂಗಡಿಯ ಮುಂದೆ, ಅಕ್ಕ ಕುಸಿದು ಕೂತದ್ದನ್ನು ಕೂತು ತೋರಿಸಿದ. ನಾನು ಸೂರು ನೋಡಿದ್ದನ್ನೂ ತೋರಿಸಿದ. ಅವನು ಅದನ್ನು ಗಮನಿಸಿದ್ದನೆಂದು ನನಗೆ ಗೊತ್ತಿರಲಿಲ್ಲ. ಮಾತಾಡದವರು ನೋಡುತ್ತ ಕೂತಿರುತ್ತಾರೆ ಮಾರಾಯರೆ, ಹುಷಾರು.

ಅಂಬೋಲಿ ಘಟ್ಟದ ತಿರುವುಗಳ ಬಗ್ಗೆ ನಾನು ಏನೂ ಬರೆಯುವುದಿಲ್ಲ. ನಾನು ಅವನ್ನು ನೋಡಿದ್ದು ಲಾರಿಯ ಅಂಚಿನ ಮೇಲಿಂದ ತಲೆ ಕೆಳಗೆ ಹಾಕಿ. ಸಮುದ್ರಕ್ಕೆ ಹೋಗುವ ಮೊದಲೇ ಹಡಗಿನ ಕಾಯಿಲೆ ತಗುಲಿಸಿಕೊಂಡ ಮನುಷ್ಯ ನಾನೊಬ್ಬನೇ ಇರಬೇಕು.

ವೆಂಗುರ್ಲೆಯಲ್ಲಿ ಉಳ್ಳಾಗಡ್ಡಿಯ ಜೊತೆ ನಾವೂ ಇಳಿದೆವು. ಮುಂದೆ ಸಮುದ್ರ. ರಾಚಪ್ಪ ಮರಳಿನಲ್ಲಿ ನಿಂತವನು ನಿಂತೇಬಿಟ್ಟ. ಕರೆದರೂ ಕೇಳಿಸಲಿಲ್ಲ. ಹತ್ತಿರ ಹೋದೆ.

“ಮಾಮಾ, ಇದು ನೀಲಿ ಅಲ್ಲ,” ಎಂದ.

“ಮತ್ತ?”

“ಅಲ್ಲಿ ಹಸರೈತಿ. ಅಕಾ ಅಲ್ಲಿ ಬೂದಿ ಬಣ್ಣ. ನೋಡ್ಕೋತ ನಿಂತ್ರ ಬದಲಾಗತೈತಿ. ಆಕಿ ಹುಡುಗ್ಯಾರಿಗೆ ನೀಲಿ ಅಂತ ಹೇಳಾಕತ್ತಾಳ. ಹೋಗಿ ಹೇಳಬೇಕು.”

ನಾನು ಅವನ ಮುಖ ನೋಡಿದೆ. ಜೋಳದ ಚೀಲ ಎತ್ತುವ ಹುಡುಗನ ಮುಖ ಅದಾಗಿರಲಿಲ್ಲ. ಈ ಸಂಬಂಧ ಕೂಡದೆ ಹೋದರೆ ಇವನ ಗತಿಯೇನು ಎಂದು ನನಗೆ ಮೊದಲ ಬಾರಿ ಹೆದರಿಕೆಯಾಯಿತು. ಅಲ್ಲಿಯ ತನಕ ನನಗೆ ಇದೊಂದು ತಮಾಷೆ.

ಹಾಯಿ ಕಟ್ಟಿದ ಸರಕಿನ ದೋಣಿಗೆ ಅಲ್ಲಿ ಪಡಾವು ಎನ್ನುತ್ತಾರೆ. ಅದರ ಯಜಮಾನ ತಾಂಡೇಲ. ಉಳ್ಳಾಗಡ್ಡಿ ಪಣಜಿಗೆ ಒಯ್ಯುವ ಪಡಾವಿನ ತಾಂಡೇಲ ಬಿಳಿ ಮೀಸೆಯ ಮುದುಕ. ಮರಾಠಿಯಲ್ಲಿ “ಜನ ಹತ್ತಿಸುವುದಿಲ್ಲ, ಟಿಕೀಟು ತೆಗೆದು ಉಗಿಯ ಆಗಬೋಟಿಗೆ ಹೋಗಿ,” ಎಂದು ಮುಖ ತಿರುಗಿಸಿದ. ರಾಚಪ್ಪ ಅವನ ಮುಂದೆ ಹೋಗಿ ನಿಂತ. ಅವನ ಮರಾಠಿ ಎಂದರೆ ಅಡತಿ ಅಂಗಡಿಯ ಮರಾಠಿ, ತೂಕ ಮಾಡುವುದಕ್ಕೆ ಬೇಕಾದಷ್ಟು. ಅದರಲ್ಲೇ ಶುರು ಮಾಡಿದ. ಮಾತು ಸಿಗದ ಕಡೆ ಕೈ ಬಳಸಿದ, ಕೈ ಸಾಲದ ಕಡೆ ಕನ್ನಡ. ತಾಂಡೇಲ ಅರ್ಧಕ್ಕೇ ತಡೆದು, “ನಿಲ್ಲು, ನಿಲ್ಲು,” ಎಂದು ತನ್ನ ಆಳುಗಳನ್ನೆಲ್ಲ ಕೂಗಿ ಕರೆದ. “ಈಗ ಮೊದಲಿನಿಂದ ಹೇಳು,” ಎಂದ.

ಬೆಳಗಾಗುತ್ತಲೇ ನಾವು ಪಡಾವಿನಲ್ಲಿದ್ದೆವು.

ಸಮುದ್ರದ ಟಿಪ್ಸ್ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನಾನು ನಡುಮಧ್ಯದಲ್ಲೇ ಕೂತೆ. ರೊಟ್ಟಿ ತಿಂದೇ ಹತ್ತಿದ್ದೆ. ನೀರು ನೋಡಲಿಲ್ಲ. ದೂರದ ಗೆರೆ ನೋಡಿದೆ. ಆದರೆ ಆ ಗೆರೆಯೇ ಏರುತ್ತಿತ್ತು, ಇಳಿಯುತ್ತಿತ್ತು! ಬಸ್ರಾ ಭೀಮಪ್ಪ ಸಿಕ್ಕರೆ ಯಾರಾದರೂ ಇದನ್ನು ಕೇಳಿ. ನಾನು ಹಾಸಿಗೆ ಸುರುಳಿ ಅಪ್ಪಿಕೊಂಡು ಮಲಗಿದವನು ಮನೆದೇವರನ್ನು, ಹೆಂಡತಿಯನ್ನು, ಒಮ್ಮೆ ಹೆಡ್‌ಮಾಸ್ತರರನ್ನೂ ನೆನೆದೆ. ರಾಚಪ್ಪ ಮಾತ್ರ ಹಾಯಿಯ ಹಗ್ಗ ಎಳೆಯುತ್ತ, ಆಳುಗಳೊಡನೆ ಹರಟುತ್ತ, ಮೀನು ಹಾರಿದರೆ “ಮಾಮಾ, ನೋಡು!” ಎಂದು ಕೂಗುತ್ತ ಇದ್ದ. ನಾನು ಏನು ನೋಡಲಿ?

ಪಣಜಿ ಮುಟ್ಟಿದಾಗ ಬಿಳಿ ಟೊಪ್ಪಿಗೆಯ ಆ ಪ್ರಶ್ನೆ.

“ಮನುಷ್ಯ,” ಎಂದು ನಾನೇ ಹೇಳಿದೆ, ಸ್ವಲ್ಪ ಅಳುಕಿನಿಂದ.

ಕಾರವಾರದ ಗುಮಾಸ್ತ ಕೇಳಿದ: “ಹಾಗಾದರೆ ಪಡಾವಿನ ಆಳುಗಳೋ ನೀವು?”

“ಅಲ್ಲ.”

“ಪ್ಯಾಸೆಂಜರೋ?”

“ಟಿಕೀಟಿಲ್ಲ.”

“ಆಳೂ ಅಲ್ಲ, ಪ್ಯಾಸೆಂಜರೂ ಅಲ್ಲ, ಸಾಮಾನೂ ಅಲ್ಲ. ಸಾಹೇಬರು ನಿಮ್ಮನ್ನು ಯಾವುದರಲ್ಲಿ ಸೇರಿಸೋದು ಅಂತ ಕೇಳ್ತಾರೆ. ನೀವು ಎಂತಕ್ಕೆ ಬಂದದ್ದು?”

“ಲಗ್ನಕ್ಕ ಬಂದೀವ್ರಿ,” ಎಂದ ರಾಚಪ್ಪ.

“ಓಹೋ. ಹುಡುಗಿ ಮನೆ ಪಣಜಿಯಲ್ಲಿ ಎಲ್ಲಿ?”

“ಬಬಲೇಶ್ವರದಾಗ್ರಿ.”

ಗುಮಾಸ್ತ ಇದನ್ನು ಸಾಹೇಬನಿಗೆ ಹೇಳಿದ. ಸಾಹೇಬ ಏನೋ ಕೇಳಿದ. ಗುಮಾಸ್ತ ಹಣೆ ಒರೆಸಿಕೊಂಡ. “ಹುಡುಗಿ ನಿಮ್ಮ ಕಡೆ, ಹುಡುಗ ನಿಮ್ಮ ಕಡೆ. ಮತ್ತೆ ಲಗ್ನಕ್ಕೆ ಇಲ್ಲಿ ಎಂತ ಕೆಲಸ?”

ಪ್ರಶ್ನೆ ನ್ಯಾಯವಾದದ್ದೇ. ರಾಚಪ್ಪ ಮತ್ತೆ ಮೊದಲಿನಿಂದ ಹೇಳಿದ. ಕನ್ನಡದಿಂದ ಅದು ಕೊಂಕಣಿ ಹದಕ್ಕೆ ಬಂದು, ಅಲ್ಲಿಂದ ಪೋರ್ಚುಗೀಸಿಗೆ ದಾಟುವಷ್ಟರಲ್ಲಿ ಏನೇನಾಯಿತೋ, ಸಾಹೇಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ನಗಲಿಲ್ಲ. ಕಾಯಿದೆ ಕಾಯಿದೆಯೇ. ಪಡಾವು ಖಾಲಿಯಾಗುವ ತನಕ ಧಕ್ಕೆಯ ಮೇಲಿರಬಹುದು, ಕಬ್ಬಿಣದ ಗೇಟು ದಾಟಕೂಡದು ಎಂದು ಹೇಳಿ ಹೋದ.

ರಾಚಪ್ಪ ಗೇಟಿನ ಸರಳು ಹಿಡಿದು ನಿಂತ. ಆಚೆ ರಸ್ತೆ, ಹೆಂಚಿನ ಮನೆಗಳು. ಇಷ್ಟು ದೂರ ಬಂದು ಪರದೇಶ ಒಂದು ಗೇಟಿನ ಆಚೆ ಉಳಿಯಿತು. ನಾನು ಸಮಾಧಾನ ಹೇಳಲು ಹೋದೆ. ಅವನು ಕೇಳಿಸಿಕೊಳ್ಳಲಿಲ್ಲ. ಮುದುಕ ತಾಂಡೇಲನ ಹತ್ತಿರ ಹೋಗಿ ಏನೋ ಮಾತಾಡಿ ಬಂದ.

“ಮಾಮಾ, ಗೋದಾಮು ರಸ್ತೆ ಆಚೆ ಐತಂತ. ಬೆನ್ನ ಮ್ಯಾಲ ಚೀಲ ಇದ್ದವರಿಗೆ ಗೇಟು ಬಿಡ್ತಾರಂತ.”

ಮುಂದೆ ಹೇಳಬೇಕೆ? ಸರಕು ಇಳಿಸುವವರ ಸಾಲಿನಲ್ಲಿ ಅವನೂ ಒಬ್ಬನಾದ. ಉಳ್ಳಾಗಡ್ಡಿ ಚೀಲ ಬೆನ್ನಿಗೆ ಹಾಕಿಕೊಂಡು ಗೇಟು ದಾಟಿದ. ಕಾವಲಿನವನು ಕಣ್ಣೆತ್ತಿಯೂ ನೋಡಲಿಲ್ಲ. ಸಂಜೆಯ ತನಕ ಹೋದ, ಬಂದ, ಹೋದ, ಬಂದ. ನನಗೂ ಆಸೆಯಾಯಿತು. ಒಂದು ಚೀಲಕ್ಕೆ ಬೆನ್ನು ಕೊಟ್ಟೆ. ಅದು ಏಳಲಿಲ್ಲ, ನಾನು ಕೂತೆ. ಉಳಿದ ಹೊತ್ತು ಹಾಸಿಗೆ ಸುರುಳಿಯ ಮೇಲೆ ಕೂತು ಸೊಂಟ ತಿಕ್ಕಿಕೊಂಡೆ. (ಟಿಪ್ಸ್: ಪರದೇಶಕ್ಕೆ ಹೋಗುವ ಮುನ್ನ ತಾಲೀಮು ಮಾಡಿ.)

ಅದೇ ಪಡಾವಿನಲ್ಲಿ ಮರಳಿದೆವು. ಹೋಗುವಾಗ ಬೇಡಿಕೊಂಡು ಹತ್ತಿದ ದಾರಿಯಲ್ಲಿ ಬರುವಾಗ ಕರೆದು ಹತ್ತಿಸಿಕೊಂಡರು. ಸುದ್ದಿ ನಮಗಿಂತ ಮುಂದೆ ಓಡಿತ್ತು.

ಬಬಲೇಶ್ವರದ ಪಡಸಾಲೆ ಮತ್ತೆ ತುಂಬಿತು. ಶಿವಗೊಂಡಪ್ಪನವರು ಕೋರ್ಟಿನ ವಕೀಲರ ಹಾಗೆ ನನ್ನ ಮುಂದೆ ಕೂತರು. “ಮಾಸ್ತರ, ನೀವು ಸಾಕ್ಷಿ. ಹುಡುಗ ಪರದೇಶದಾಗ ಕಾಲಿಟ್ಟಿದ್ದು ಕಣ್ಣಾರೆ ನೋಡೀರೇನು?”

“ಬೆನ್ನು ನೋಡೀನ್ರಿ,” ಎಂದೆ.

“ಅಂದ್ರ?”

“ಗೇಟು ದಾಟೂದು ನೋಡೀನಿ. ಆಚೆ ಏನಾತು ಗೊತ್ತಿಲ್ಲ. ನನ್ನ ಬಿಡಲಿಲ್ರಿ.”

“ಅಂದ್ರ ನೀವು ಪರದೇಶಕ್ಕ ಹೋಗೇ ಇಲ್ಲ!”

ನನಗೂ ಇದು ಹೊಳೆದಿರಲಿಲ್ಲ. ಧಕ್ಕೆ ದೇಶದೊಳಗೆ ಬರುತ್ತದೋ, ಸಮುದ್ರದೊಳಗೋ ಎಂದು ವಾದ ಎದ್ದಿತು. ಹಮಾಲಿ ಮಾಡಿ ಬಂದದ್ದು ಪ್ರವಾಸ ಹೇಗಾಗುತ್ತದೆ ಎಂದು ಯಾರೋ ಕೇಳಿದರು. ಆ ಲೆಕ್ಕದಲ್ಲಿ ಎತ್ತೂ ಪರದೇಶ ನೋಡಿದ ಹಾಗೆಯೇ ಎಂದು ಇನ್ನೊಬ್ಬರು ನಕ್ಕರು. ರಾಚಪ್ಪನ ಕಿವಿ ಕೆಂಪಾದವು.

ಬಾಗಿಲಲ್ಲಿದ್ದ ನೀಲವ್ವ ಕೇಳಿದಳು: “ಅಲ್ಲಿ ಏನು ನೋಡಿದ್ರಿ?”

ಅಭ್ಯಾಸಬಲದಿಂದ ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಉತ್ತರ ಬಂದಾಗಿತ್ತು.

“ಕಾಲು ನೋಡಿದ್ನಿರಿ.”

ಎಲ್ಲರೂ ಗೊಳ್ಳೆಂದರು. ನೀಲವ್ವ ನಗಲಿಲ್ಲ.

“ಬೆನ್ನ ಮ್ಯಾಲ ಚೀಲ ಇದ್ರ ತಲಿ ಎತ್ತಾಕ ಬರಂಗಿಲ್ರಿ. ಖಾಲಿ ಬರೂವಾಗ ನಿಂತು ನೋಡಾಕ ಬಿಡ್ತಿದ್ದಿಲ್ಲ, ಓಡಿಸ್ತಿದ್ರು. ಕಾಲಷ್ಟ ಕಂಡೂವು. ಒಬ್ಬ ಪಾದ್ರಿ, ಕರೇ ಬೂಟು, ಒಂದರ ದಾರ ಬಿಚ್ಚಿತ್ತು. ಮೀನಾ ಮಾರೂ ಹೆಣಮಗಳು ಒಬ್ಬಾಕಿ, ಬರಿಗಾಲು, ಹಿಮ್ಮಡ ಒಡದಿದ್ವು, ನಮ್ಮವ್ವನ ಹಿಮ್ಮಡದಂಗ. ಸಿಪಾಯಿ ಒಬ್ಬಾಂವ ನಿಂತು ನಿಂತು ಸಾಕಾಗಿ, ಒಮ್ಮಿ ಈ ಕಾಲಿನ ಮ್ಯಾಲ ಭಾರ ಹಾಕಾಂವ, ಒಮ್ಮಿ ಆ ಕಾಲಿನ ಮ್ಯಾಲ. ಸಣ್ಣ ಹುಡುಗಿ ಒಬ್ಬಾಕಿಗೆ ಒಂದ ಕಾಲಾಗ ಅಷ್ಟ ಚಪ್ಪಲಿ ಇತ್ರಿ. ಇನ್ನೊಂದು ಎಲ್ಲಿ ಅಂತ ಮುಂದಿನ ಚೀಲ ಹೊತ್ತು ಹೋಗೂವಾಗ ಹುಡುಕಿದೆ. ಗಟಾರದಾಗ ಬಿದ್ದಿತ್ತು. ತಗದು ಮುಂದಿಟ್ಟೆ.”

ನಗು ನಿಂತಿತ್ತು.

“ಆಕಿ ಏನಂದ್ಲು?” ಎಂದಳು ನೀಲವ್ವ.

“ಮಾತು ತಿಳೀಲಿಲ್ರಿ. ಮುಖಾನೂ ಕಾಣಲಿಲ್ಲ. ಆದ್ರ ಕಾಲಿನ ಬಟ್ಟು ಕುಣದೂವು. ನಕ್ಕಿರಬೇಕು.”

ನೀಲವ್ವನ ಮುಖದಲ್ಲಿ ಏನೋ ಸಡಿಲಾಯಿತು. “ಮತ್ತ ಸಮುದ್ರ? ನೀಲಿ ಐತೇನು?”

“ಅದನ್ನ ಹೇಳಾಕ ಆಗಂಗಿಲ್ರಿ. ನೀವ ಬಂದು ನೋಡ್ರಿ.”

ಶಿವಗೊಂಡಪ್ಪನವರು ಜೋರಾಗಿ ಕೆಮ್ಮಿದರು. ನೀಲವ್ವ ಅದನ್ನು ಗಮನಿಸಲಿಲ್ಲ. “ಇನ್ನೊಂದೈತ್ರಿ,” ಎಂದಳು. “ನಾ ಕಲಿಸೂದು ಬಿಡಂಗಿಲ್ಲ. ತಿಕೋಟಾದ ಸಾಲಿಗೆ ವರ್ಗಾ ಮಾಡಿಸ್ಕೊಂತೀನಿ. ಇದನ್ನ ನಿಮ್ಮ ಅವ್ವಾರಿಗೆ ಯಾರು ಹೇಳವರು?”

ಅವ್ವ ಎದುರಿಗೇ ಕೂತಿದ್ದಾಳೆ. ಸೊಸೆ ಶಾಲೆಗೆ ಹೋಗುವುದೇ? ನಮ್ಮ ಅಕ್ಕನ ಮನೆಯಲ್ಲೇ? ಪಡಾವಿನಲ್ಲಿ ನೆನೆದ ಮನೆದೇವರನ್ನೇ ಮತ್ತೆ ನೆನೆದೆ. ಡ್ರೈವರ್, ತಾಂಡೇಲ, ಬಿಳಿ ಟೊಪ್ಪಿಗೆ, ಇವರೆಲ್ಲ ಒಂದು ದಿನದವರು. ಅಕ್ಕ ಹಾಗಲ್ಲ.

ರಾಚಪ್ಪ ಅವ್ವನ ಕಡೆ ತಿರುಗಿ ಕೂತ. ಒಂದು ಗಳಿಗೆ ಆ ತಿಕೋಟಾ ನಾಕಾದ ಹುಡುಗನೇ ಮತ್ತೆ ಕಂಡ. ಬಾಯಿ ತೆರೆದ, ಸದ್ದಿಲ್ಲ.

“ಯವ್ವಾ,” ಎಂದ. “ಆಕಿ ಸಾಲಿ ಬಿಡಂಗಿಲ್ಲ. ನನಗೂ ಬಿಡೂದು ಬ್ಯಾಡ ಅನಸ್ತೈತಿ. ನೀ ಒಲ್ಲೆ ಅನಬ್ಯಾಡ.”

ಅಕ್ಕ ಮಗನನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ತಮ್ಮಾ, ನಿನ್ನ ಸಂಗಾಟ ಒಬ್ಬನ್ನ ಕಳಿಸಿದ್ದೆ. ಯಾರನ್ನೋ ಕರಕೊಂಡ ಬಂದೀಯಲ್ಲೋ.” ಬೈಗುಳ ಎಂದುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಾಗ ಅಲ್ಲವೆಂದು ಗೊತ್ತಾಯಿತು. “ಮುಹೂರ್ತ ನೋಡಸ್ರಿ,” ಎಂದು ಶಿವಗೊಂಡಪ್ಪನವರಿಗೆ ಹೇಳಿ, ನೀಲವ್ವನಿಗೆ, “ಮತ್ತೇನರ ಉಳದೈತೇನವಾ?” ಎಂದಳು.

“ಸದ್ಯಕ್ಕ ಇಲ್ರಿ ಅತ್ತಿ,” ಎಂದಳು ನೀಲವ್ವ.

ಮದುವೆ ಬರುವ ತಿಂಗಳು. ಆಮೇಲೆ ಇಬ್ಬರೂ ವೆಂಗುರ್ಲೆಗೆ ಹೋಗುತ್ತಾರಂತೆ. ದೇವರ ದಯೆ, ಈ ಸಲ ಸಾಕ್ಷಿ ಬೇಡವಂತೆ.

ಊರಿನ ಹಿರಿಯರಿಗೆ ಮಾತ್ರ ಇದು ಇನ್ನೂ ಜೀರ್ಣವಾಗಿಲ್ಲ. “ಹೆಣ್ಣು ಗಂಡಿಗೆ ಪರೀಕ್ಷಾ ಇಡೂದಂದ್ರ ಏನ್ರಿ ಮಾಸ್ತರ, ಕಾಲ ಕೆಟ್ಟೈತಿ,” ಎಂದು ನಿನ್ನೆಯೂ ಒಬ್ಬರು ನನ್ನನ್ನು ನಿಲ್ಲಿಸಿ ಗೊಣಗಿದರು. ಅವರು ತಮ್ಮ ಮಗನಿಗೆ ಹೆಣ್ಣು ನೋಡಿ ಬಂದದ್ದು ಮೊನ್ನೆಯೇ. ಹುಡುಗಿಯ ಕಾಲು ನೆಟ್ಟಗಿದೆಯೋ ಇಲ್ಲವೋ ಎಂದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಸಿ ನೋಡಿದರಂತೆ.

ಅಲ್ಲ ಸ್ವಾಮಿ, ನಾವು ಹುಡುಗಿಯನ್ನು ಗೋಡೆಯಿಂದ ಗೋಡೆಗೆ ನಡೆಸಬಹುದಾದರೆ, ಒಬ್ಬ ಹುಡುಗಿ ಹುಡುಗನನ್ನು ಒಂದಿಷ್ಟು ಹೆಚ್ಚು ದೂರ ನಡೆಸಿ ನೋಡಿದ್ದರಲ್ಲಿ ತಪ್ಪೇನು?